ಲಫ್ರೊಯ್ಗ್ ನೋಡೋಕೆ ಐಲಾ ದ್ವೀಪಕ್ಕೆ: ಹೊಗೆ, ಕೋರ್ಟು, ಒಂದು ಚದರಡಿ ಜಮೀನು

ಬುಧವಾರ

ಲಫ್ರೊಯ್ಗ್ ಅಂದ್ರೆ ಸ್ಕಾಟ್ಲೆಂಡಿನ ಐಲಾ ದ್ವೀಪದ ಒಂದು ವಿಸ್ಕಿ, ಅದನ್ನ ಬಟ್ಟಿ ಇಳಿಸೋ ಡಿಸ್ಟಿಲರಿ ಹೆಸರೂ ಅದೇ. ಅದನ್ನ ನೋಡೋಕೆ ಅಕ್ಕ, ಭಾವ, ನಾನು ಹೊರಟಿದ್ವಿ. ಗ್ಲಾಸ್ಗೋದಿಂದ ಕೆನ್ನಕ್ರೇಗ್ ಅನ್ನೋ ಫೆರಿ ಜಾಗಕ್ಕೆ ಸುಮಾರು 100 ಮೈಲಿ. ಮ್ಯಾಪ್ ಎರಡೂವರೆ ಗಂಟೆ ಅನ್ನುತ್ತೆ, ನಂಬೋಕೆ ಹೋಗ್ಬೇಡಿ, ಲಾಕ್ ಲೋಮಂಡ್ ಕೆರೆ ಪಕ್ಕದಲ್ಲಿ ರೋಡು ಎಷ್ಟು ಕಿರಿದು ಅಂದ್ರೆ ಎದುರಿಗೆ ದೊಡ್ಡ ಲಾರಿ ಬಂದ್ರೆ ಇಬ್ರೂ ಕನ್ನಡಿ ಮಡಚ್ಕೊಂಡು ಹೋಗ್ಬೇಕು ಅನ್ಸುತ್ತೆ, ಆಮೇಲೆ ರೆಸ್ಟ್ ಅಂಡ್ ಬಿ ಥ್ಯಾಂಕ್‌ಫುಲ್ ಅಂತ ಒಂದು ಘಾಟಿ, ಇನ್ವರೇರಿಯಲ್ಲಿ ಕಾಫಿ, ಟಾರ್ಬರ್ಟ್ ದಾಟಿದ್ರೆ ಫೆರಿ. ಕಾರು ಓಡಿಸಿದ್ದು ಅಕ್ಕ. ಅವಳು ಕುಡಿಯಲ್ಲ, ವಾಸನೆ ಕೂಡ ಆಗಲ್ಲ ಅಂತಾಳೆ, ಹಾಗಾಗಿ ಇಂಥ ಟ್ರಿಪ್ಪಿಗೆ ಅವಳಿಗಿಂತ ಒಳ್ಳೆ ಡ್ರೈವರ್ ಸಿಗಲ್ಲ. ಸ್ಕಾಟ್‌ಲೆಂಡಲ್ಲಿ ಡ್ರಿಂಕ್ ಅಂಡ್ ಡ್ರೈವ್ ಲಿಮಿಟ್ 2014ರಿಂದ 100 ಮಿಲಿ ರಕ್ತಕ್ಕೆ 50 ಮಿಲಿಗ್ರಾಂ, ಪಕ್ಕದ ಇಂಗ್ಲೆಂಡಲ್ಲಿ 80. ಡಿಸ್ಟಿಲರಿಗಳಲ್ಲೂ ಡ್ರೈವರ್ ಅಂದ್ರೆ ಅವರ ಪಾಲನ್ನ ಪುಟ್ಟ ಬಾಟಲಿಗೆ ಹಾಕಿ ಕೊಡ್ತಾರೆ, ರೂಮಿಗೆ ಬಂದು ಕುಡೀಬಹುದು. ಅಕ್ಕನ ಪುಟ್ಟ ಬಾಟಲಿಗಳ ಮೇಲೆ ಭಾವನ ಕಣ್ಣು ಹೊರಡೋ ಮುಂಚೇನೇ ಬಿದ್ದಿತ್ತು.

ಫೆರಿ ಎರಡು ಗಂಟೆ ಚಿಲ್ಲರೆ. ಬಲಗಡೆ ಜುರಾ ದ್ವೀಪದ ಮೂರು ಬೋಳು ಬೆಟ್ಟ ಕಾಣುತ್ತೆ. ಆ ಜುರಾದಲ್ಲಿ ಇರೋ ಡಿಸ್ಟಿಲರಿ ಗೊತ್ತಲ್ಲ, 2007ರಲ್ಲಿ ನಮ್ಮ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ವೈಟ್ ಅಂಡ್ ಮ್ಯಾಕೆ ಕಂಪನಿಯನ್ನ ಕೊಂಡಾಗ ಅದೂ ಜೊತೆಗೆ ಬಂದಿತ್ತು, 2014ರಲ್ಲಿ ಫಿಲಿಪ್ಪೀನ್ಸ್ ಕಂಪನಿಯೊಂದಕ್ಕೆ ಎಲ್ಲಾ ಮಾರಾಟ ಆಯ್ತು. ಏಳು ವರ್ಷ ಆ ಬೆಟ್ಟದ ಬುಡದ ವಿಸ್ಕಿ ಒಂಥರಾ ನಮ್ಮೂರಿಂದು. ಭಾವ ಇದನ್ನ ಕೇಳಿ "ಹಾಗಾದ್ರೆ ಅಲ್ಲಿಗೇ ಹೋಗ್ಬೋದಿತ್ತಲ್ಲಯ್ಯಾ" ಅಂದ್ರು. ಇಲ್ಲ ಭಾವ, ನಂಗೆ ಬೇಕಾಗಿರೋದು ಲಫ್ರೊಯ್ಗ್.

ಯಾಕೆ ಅಂತ ಹೇಳ್ಬಿಡ್ತೀನಿ. ವಿಸ್ಕಿ ಕುಡಿಯೋರಲ್ಲಿ ಲಫ್ರೊಯ್ಗ್ ಬಗ್ಗೆ "ಪರವಾಗಿಲ್ಲ" ಅನ್ನೋರು ಯಾರೂ ಇಲ್ಲ. ಒಂದೋ ಪ್ರಾಣ, ಇಲ್ಲಾ ಮೂಗು ಮುಚ್ಕೊಂಡು ಓಡ್ತಾರೆ. ಕಂಪನಿಯವ್ರೇ ಜನ ಬೈದಿದ್ದನ್ನೆಲ್ಲಾ ಜಾಹೀರಾತಿನಲ್ಲಿ ಹಾಕ್ಕೊಂಡಿದ್ದಾರೆ. ಹೊಗೆ, ಆಸ್ಪತ್ರೆ ಅಂತೆಲ್ಲಾ ಜನ ಹೇಳೋ ಇಂಥ ಒಂದು ವಾಸನೆ 200 ವರ್ಷ ಬದಲಾಗದೆ ಹೇಗೆ ಉಳೀತು, ಅದು ಬರೋದಾದ್ರೂ ಎಲ್ಲಿಂದ, ಇದು ನನ್ನ ತಲೇಲಿದ್ದ ಪ್ರಶ್ನೆ. ಭಾವನ ಉತ್ತರ ಫೆರಿಯಲ್ಲೇ ರೆಡಿ: "ನೀರು ಕಣಯ್ಯಾ, ಎಲ್ಲಾ ಆ ನೀರಿನ ಗುಣ." ನಾನು ಒಪ್ಪಲಿಲ್ಲ, ಜಗಳ ಪೋರ್ಟ್ ಎಲೆನ್ ತನಕ ನಡೀತು.

ಪೋರ್ಟ್ ಎಲೆನ್ ಒಂದು ಕೊಲ್ಲಿ ಸುತ್ತ ಬಿಳಿ ಮನೆಗಳ ಸಾಲು. ವಾಲ್ಟರ್ ಫ್ರೆಡರಿಕ್ ಕ್ಯಾಂಪ್‌ಬೆಲ್ ಅನ್ನೋ ಜಮೀನ್ದಾರ 1821ರಲ್ಲಿ ಹೆಂಡತಿ ಹೆಸರಲ್ಲಿ ಕಟ್ಟಿಸಿದ ಊರು, ಆಕೆ ಸತ್ತ ಮೇಲೆ 1832ರಲ್ಲಿ ಕೊಲ್ಲಿಯ ಆಚೆ ಬದಿ ಅವಳ ನೆನಪಿಗೆ ಒಂದು ಲೈಟ್‌ಹೌಸ್ ಕೂಡ, ಚೌಕಾಕಾರದ್ದು. ಇಡೀ ದ್ವೀಪದಲ್ಲಿ ಮೂರು ಸಾವಿರ ಚಿಲ್ಲರೆ ಜನ. ಎದುರು ಬರೋ ಪ್ರತಿ ಕಾರಿನವ್ರೂ ಸ್ಟಿಯರಿಂಗ್ ಮೇಲಿಂದ ಕೈ ಎತ್ತಿ ನಮಸ್ಕಾರ ಮಾಡ್ತಾರೆ, ಅಕ್ಕ ಮೊದಲು "ಯಾರೋ ಇವ್ರು, ನಿಂಗೊತ್ತಾ" ಅಂತ ಕೇಳಿದ್ಲು, ಸಾಯಂಕಾಲದ ಹೊತ್ತಿಗೆ ಅವಳೇ ಎಲ್ಲರಿಗಿಂತ ಮೊದಲು ಕೈ ಎತ್ತೋಕೆ ಶುರು ಮಾಡಿದ್ಲು. ಮೇ ತಿಂಗಳು, ರಾತ್ರಿ ಒಂಬತ್ತೂವರೆಗೂ ಬೆಳಕು.

ಗುರುವಾರ

ಪೋರ್ಟ್ ಎಲೆನ್‌ನಿಂದ ಮೂರು ಡಿಸ್ಟಿಲರಿಗಳಿಗೆ ರೋಡ್ ಪಕ್ಕದಲ್ಲೇ ಕಾಲುದಾರಿ ಇದೆ, ಮೊದಲು ಲಫ್ರೊಯ್ಗ್, ಆಮೇಲೆ ಲಾಗವೂಲಿನ್, ಕೊನೇಲಿ ಆರ್ಡ್‌ಬೆಗ್. ಕೊನೆ ತನಕ ಐದು ಕಿಲೋಮೀಟರ್ ಅಷ್ಟೆ. ಮೂರೂ ಸಮುದ್ರಕ್ಕೆ ಮುಖ ಮಾಡ್ಕೊಂಡು, ಬಿಳಿ ಗೋಡೆ, ಗೋಡೆ ಮೇಲೆ ಆಳೆತ್ತರದ ಕಪ್ಪು ಅಕ್ಷರದಲ್ಲಿ ಹೆಸರು. ರೋಡೇ ಸರಿ ಇಲ್ಲದ ಕಾಲದಲ್ಲಿ ಕಲ್ಲಿದ್ದಲು, ಬಾರ್ಲಿ, ಖಾಲಿ ಪೀಪಾಯಿ ಎಲ್ಲಾ ದೋಣೀಲೇ ಬರ್ತಿದ್ದಿದ್ದು, ಹಡಗಿನವ್ರಿಗೆ ಕಾಣ್ಲಿ ಅಂತ ಆ ಅಕ್ಷರ.

ನಾವು ಲಫ್ರೊಯ್ಗ್ ಗೇಟ್ ತಲುಪೋ ಮುಂಚೇನೇ ಹೊಗೆ ಸಿಕ್ತು. ಅಕ್ಕ ನಿಂತ್ಬಿಟ್ಲು. "ಇದು ಅಜ್ಜಿ ಮನೆ ಬಚ್ಚಲ ಒಲೆ ವಾಸನೆ ಕಣೋ, ಮಳೆಗಾಲದ್ದು, ಹಸಿ ಕಟ್ಟಿಗೆ ಹಾಕಿದ್ದು." ಕರೆಕ್ಟಾಗಿ ಹೇಳಿದ್ಲು. ಜೊತೆಗೆ ಉಪ್ಪುಗಾಳಿ, ಜೊತೆಗೆ ಇನ್ನೇನೋ ಔಷಧಿ.

ಹೆಚ್ಚಿನ ಸ್ಕಾಚ್ ಡಿಸ್ಟಿಲರಿಗಳು ಈಗ ಮಾಲ್ಟನ್ನ, ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನ, ಹೊರಗಿಂದ ತರಿಸ್ಕೋತವೆ. ನೆಲದ ಮೇಲೆ ಬಾರ್ಲಿ ಹರಡಿ ತಾವೇ ಮೊಳಕೆ ಬರಿಸೋರು ಬೆರಳೆಣಿಕೆ, ಬೋಮೋರ್, ಕಿಲ್ಹೋಮನ್, ಸ್ಪ್ರಿಂಗ್‌ಬ್ಯಾಂಕ್, ಬಾಲ್ವೆನಿ, ಹೀಗೆ. ಲಫ್ರೊಯ್ಗ್ ಅದ್ರಲ್ಲೊಂದು, ಆದ್ರೆ ತನಗೆ ಬೇಕಾದ ಮಾಲ್ಟಿನಲ್ಲಿ ಹೆಚ್ಚುಕಮ್ಮಿ ಐದನೇ ಒಂದು ಭಾಗ ಮಾತ್ರ ಹೀಗೆ ಮಾಡ್ಕೊಳ್ಳುತ್ತೆ, ಉಳಿದಿದ್ದು ಪೋರ್ಟ್ ಎಲೆನ್‌ನಲ್ಲಿರೋ ದೊಡ್ಡ ಮಾಲ್ಟಿಂಗ್ ಫ್ಯಾಕ್ಟರಿಯಿಂದ ಬರೋದು. ಭಾವ "ಅಷ್ಟಕ್ಕೆ ಯಾಕೆ ಇಷ್ಟು ಕಷ್ಟ" ಅಂದ್ರು. ನೆನೆಸಿದ ಬಾರ್ಲಿಯನ್ನ ಕಲ್ಲುನೆಲದ ಮೇಲೆ ಮೊಣಕೈ ಉದ್ದ ಕೂಡ ಇಲ್ಲದ ದಪ್ಪಕ್ಕೆ ಹರಡಿರ್ತಾರೆ, ಹಗಲು ರಾತ್ರಿ ಅನ್ನದೆ ಮಗುಚ್ತಾ ಇರ್ಬೇಕು, ಇಲ್ಲಾಂದ್ರೆ ಬೇರು ಬೇರು ಹೆಣ್ಕೊಂಡು ಚಾಪೆ ಆಗ್ಬಿಡುತ್ತೆ, ಒಳಗೆ ಬಿಸಿ ಏರಿ ಕೆಡುತ್ತೆ. ಮೊಳಕೆ ಯಾಕೆ ಅಂದ್ರೆ, ಕಾಳಿನಲ್ಲಿರೋ ಪಿಷ್ಟವನ್ನ ಸಕ್ಕರೆ ಮಾಡೋ ಕಿಣ್ವಗಳು ಆಗ ಎಚ್ಚರ ಆಗ್ತವೆ, ಆದ್ರೆ ಗಿಡ ಆ ಸಕ್ಕರೆ ತಿನ್ನೋ ಮುಂಚೆ ಒಣಗಿಸಿ ತಡೀಬೇಕು. ಆ ಒಣಗಿಸೋ ಗೂಡಲ್ಲೇ ಇರೋದು ಆಟ.

ಗೂಡಿನ ಕೆಳಗೆ ಪೀಟ್, ಅಂದ್ರೆ ಜೌಗು ನೆಲದಿಂದ ಕಿತ್ತು ಒಣಗಿಸಿದ ಮಣ್ಣಿನಂಥ ಇಂಧನ, ಉರಿಸ್ತಾರೆ. ಉರಿಸ್ತಾರೆ ಅನ್ನೋದೂ ತಪ್ಪು, ಉರಿ ಎದ್ರೆ ಕೆಲಸ ಕೆಡ್ತು, ಹೊಗೆ ಬೇಕು, ತಣ್ಣನೆ ದಟ್ಟ ಹೊಗೆ. ಕಾಳು ಒದ್ದೆ ಇರೋವಾಗ್ಲೇ ಹೊಗೆ ಹಿಡಿಯೋದು, ಒಣಗಿದ ಮೇಲೆ ಎಷ್ಟು ಹೊಗೆ ಹಾಕಿದ್ರೂ ಅಂಟಲ್ಲ. ಅದಕ್ಕೆ ಮೊದಲು ಗಂಟೆಗಟ್ಟಲೆ ಬರೀ ಪೀಟ್ ಹೊಗೆ, ಆಮೇಲೆ ಬಿಸಿಗಾಳಿ. ಹೊಗೆಯಲ್ಲಿರೋ ಫೀನಾಲ್, ಕ್ರೆಸಾಲ್, ಗ್ವಾಯಕಾಲ್ ಅನ್ನೋ ವಸ್ತುಗಳು ಸಿಪ್ಪೆಗೆ ಅಂಟ್ಕೋತವೆ, ಲಫ್ರೊಯ್ಗ್ ಮಾಲ್ಟಿನಲ್ಲಿ ಅದು 40-45 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ) ಆಸುಪಾಸು, ಬಾಟಲಿಗೆ ಬರೋದು ಅದರ ಒಂದು ಪಾಲು ಅಷ್ಟೇ. ಎಲ್ಲರೂ "ಅಯೋಡಿನ್ ವಾಸನೆ, ಸಮುದ್ರದ ಪಾಚಿ" ಅಂತ ಕವಿತೆ ಬರೀತಾರಲ್ಲ, ಅದ್ರಲ್ಲಿ ಮುಕ್ಕಾಲು ಪಾಲು ಈ ಫೀನಾಲ್ ಬಳಗದ್ದೇ ಕಿತಾಪತಿ ಅನ್ನೋದು ನನ್ನ ಅಭಿಪ್ರಾಯ.

ಆಸ್ಪತ್ರೆ ವಾಸನೆ ಅನ್ನೋದು ಮಾತ್ರ ಬರೀ ಹೋಲಿಕೆ ಅಲ್ಲ. ಗಾಯ ಕೊಳೆಯದ ಹಾಗೆ ಜೋಸೆಫ್ ಲಿಸ್ಟರ್ ಮೊದಲ ಸಲ ಕಾರ್ಬಾಲಿಕ್ ಆಸಿಡ್ ಹಾಕಿ ಬ್ಯಾಂಡೇಜ್ ಕಟ್ಟಿದ್ದು 1865ರಲ್ಲಿ, ಗ್ಲಾಸ್ಗೋ ರಾಯಲ್ ಇನ್‌ಫರ್ಮರಿಯಲ್ಲಿ. ಕಾರ್ಬಾಲಿಕ್ ಆಸಿಡ್ ಅಂದ್ರೆ ಫೀನಾಲೇ. ಅಂದ್ರೆ ಭಾವನ ಮನೆಯಿಂದ ಅರ್ಧ ಗಂಟೆ ದೂರದ ಆಸ್ಪತ್ರೆಯ ವಾಸನೆಯೂ ಈ ಗೂಡಿನ ವಾಸನೆಯೂ ಒಂದೇ ಮನೆತನ. ಇದನ್ನ ಹೇಳಿದ್ದಕ್ಕೆ ಅಕ್ಕ, ಹಾಗಾದ್ರೆ ಮೊಣಕಾಲಿಗೆ ಹಚ್ಚೋಕಾದ್ರೂ ಒಂದು ಬಾಟಲಿ ತಗೋ ಅಂದ್ಲು.

ಸ್ಟಿಲ್ ಹೌಸ್‌ನಲ್ಲಿ ತಾಮ್ರದ ಏಳು ಸ್ಟಿಲ್ (ಬಟ್ಟಿ ಇಳಿಸೋ ಹಂಡೆ), ಮೂರು ಮೊದಲ ಬಟ್ಟಿಗೆ, ನಾಲ್ಕು ಎರಡನೇದಕ್ಕೆ. ಇಲ್ಲಿ ನಾನು ಹುಡುಕ್ತಿದ್ದ ಒಂದು ಉತ್ತರ ಸಿಕ್ತು. ಎರಡನೇ ಬಟ್ಟಿಯಲ್ಲಿ ಮೊದಲು ಬರೋ ಭಾಗವನ್ನ ಎಲ್ರೂ ಬೇರೆ ತೆಗೆದು ವಾಪಸ್ ಕಳಿಸ್ತಾರೆ, ಬೇರೆ ಕಡೆ ಅದು ಕೆಲವೇ ನಿಮಿಷದ್ದು, ಹದಿನೈದೋ ಇಪ್ಪತ್ತೋ, ಲಫ್ರೊಯ್ಗ್‌ನಲ್ಲಿ 45 ನಿಮಿಷ. ಹಣ್ಣಿನ ಸಿಹಿ ಪರಿಮಳ ಕೊಡೋ ಎಸ್ಟರ್‌ಗಳು ಮೊದಲೇ ಬರ್ತವೆ, ಹೊಗೆಯ ಭಾರದ ಅಂಶಗಳು ತಡವಾಗಿ. ಮುಕ್ಕಾಲು ಗಂಟೆ ಕಾಯೋದು ಅಂದ್ರೆ ಸಿಹಿಯನ್ನ ಬೇಕಂತಲೇ ಬಿಟ್ಟುಕೊಟ್ಟು ಖಾರವನ್ನ ಇಟ್ಕೊಳ್ಳೋದು. ಯಾರೋ ಒಬ್ರು ಯಾವತ್ತೋ ತೀರ್ಮಾನ ಮಾಡಿದ್ದು, ಆಮೇಲೆ ಬಂದೋರು ಯಾರೂ ಗಡಿಯಾರ ಹಿಂದಕ್ಕೆ ತಿರುಗಿಸ್ಲಿಲ್ಲ. ನಾನು ಭಾವನ ಕಡೆ ನೋಡಿದೆ. ಭಾವ ಕಿಟಕಿ ಹೊರಗೆ ಸಮುದ್ರ ನೋಡ್ತಿದ್ರು.

ಗೋದಾಮಿನಲ್ಲಿ ಪೀಪಾಯಿಗಳು ಹೆಚ್ಚಿನವು ಅಮೆರಿಕದ ಬೂರ್ಬನ್ ಇಳಿಸಿದ್ದು. ಅಲ್ಲಿ ಕಾನೂನು ಪ್ರಕಾರ ಬೂರ್ಬನ್‌ಗೆ ಪ್ರತಿ ಸಲ ಹೊಸ ಓಕ್ ಪೀಪಾಯಿ ಬೇಕು, ಹಳೇದನ್ನ ಸ್ಕಾಟ್‌ಲೆಂಡ್ ಕೊಂಡ್ಕೊಳ್ಳುತ್ತೆ. ಅದರ ವೆನಿಲಾ ಸಿಹಿ ಇಲ್ದಿದ್ರೆ ಈ ಹೊಗೆಯನ್ನ ನುಂಗೋದು ಕಷ್ಟವೇ. ಇಲ್ಲಿ ಪೀಪಾಯಿಯಿಂದ ವರ್ಷಕ್ಕೆ 2% ಹತ್ತಿರ ಆವಿಯಾಗಿ ಹೋಗುತ್ತೆ. ಬೆಂಗಳೂರಿನ ನಮ್ಮ ಅಮೃತ್‌ನಲ್ಲಿ ಅದು 10-12%, ಸೆಖೆ ಅಷ್ಟು, ಅದಕ್ಕೇ ಅಲ್ಲಿ ನಾಲ್ಕೈದು ವರ್ಷಕ್ಕೇ ಮಾಗಿ ಬಾಟಲಿ ಸೇರೋದು. ಅಮೃತ್ ತನ್ನ ಸಿಂಗಲ್ ಮಾಲ್ಟನ್ನ (ಒಂದೇ ಡಿಸ್ಟಿಲರಿಯ ಮಾಲ್ಟ್ ವಿಸ್ಕಿ) ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಲ್ಲಲ್ಲ, 2004ರಲ್ಲಿ ಗ್ಲಾಸ್ಗೋದಲ್ಲಿ. ಅದ್ರ ಫ್ಯೂಷನ್‌ನಲ್ಲಿ ನಮ್ಮ ಬಾರ್ಲಿ ಜೊತೆ ಸ್ಕಾಟ್‌ಲೆಂಡಿನ ಪೀಟ್ ಹೊಗೆ ಹಾಕಿದ ಬಾರ್ಲಿಯೂ ಇರುತ್ತೆ. ಧೈರ್ಯ ಅಂದ್ರೆ ಇದು, ಹುಲಿ ಮನೆಗೇ ಹೋಗಿ ಬಾಗಿಲು ತಟ್ಟಿದ್ದು.

ಟೂರ್ ಮುಗಿದ ಮೇಲೆ ನನ್ನ ಜಮೀನು ನೋಡೋಕೆ ಹೋದ್ವಿ. ನಗ್ಬೇಡಿ, ನಿಜವಾಗ್ಲೂ ಇದೆ. 1994ರಿಂದ ಒಂದು ಸ್ಕೀಮ್, ಬಾಟಲಿಯಲ್ಲಿರೋ ಕೋಡ್ ಹಾಕಿ ನೋಂದಾಯಿಸಿದ್ರೆ ಡಿಸ್ಟಿಲರಿ ಎದುರಿನ ಹುಲ್ಲುಗಾವಲಲ್ಲಿ ಒಂದು ಚದರಡಿ ಜಾಗ ಜೀವನಪೂರ್ತಿ ಗುತ್ತಿಗೆ. ಮಾರೋ ಹಾಗಿಲ್ಲ, ಕಟ್ಟೋ ಹಾಗಿಲ್ಲ. ಬಾಡಿಗೆ ಅವರೇ ನಮಗೆ ಕೊಡ್ಬೇಕು, ವರ್ಷಕ್ಕೆ ಒಂದು ಪೆಗ್ಗು, ನಾವೇ ಬಂದು ವಸೂಲು ಮಾಡ್ಬೇಕು. ಗಂಬೂಟು ಹಾಕ್ಕೊಂಡು ಕೆಸರಲ್ಲಿ ಇಳಿದು ಅಂದಾಜಿನ ಮೇಲೆ ಪುಟ್ಟ ತಿರಂಗ ನೆಟ್ಟೆ. ಬೆಂಗಳೂರಲ್ಲಿ ಸೈಟಿಗೆ ಅಲೆದೂ ಅಲೆದೂ ಸಾಕಾದವನಿಗೆ ಖಾತಾ ತಕರಾರಿಲ್ಲದ ಜಾಗ ಇದೊಂದೇ.

ಶುಕ್ರವಾರ

ಬೆಳಗ್ಗೆ ಜಿಟಿಜಿಟಿ ಮಳೆ, ಅಕ್ಕ ರೂಮಲ್ಲೇ ಇರ್ತೀನಿ ಅಂದ್ಲು. ನಾವಿಬ್ರೂ ಜಾಕೆಟ್ ಏರಿಸ್ಕೊಂಡು ಲಾಗವೂಲಿನ್ ಕಡೆ. ಲಫ್ರೊಯ್ಗ್‌ನಿಂದ ಇಪ್ಪತ್ತು ನಿಮಿಷದ ನಡಿಗೆ. ಲಫ್ರೊಯ್ಗ್ ಚರಿತ್ರೆಯ ಅರ್ಧ ಈ ಇಪ್ಪತ್ತು ನಿಮಿಷದ ದಾರೀಲಿದೆ.

ಡೊನಾಲ್ಡ್, ಅಲೆಕ್ಸಾಂಡರ್ ಜಾನ್‌ಸ್ಟನ್ ಅಂತ ಅಣ್ಣತಮ್ಮ, ದನ ಸಾಕೋಕೆ ಬಂದೋರು, ದನಕ್ಕೆ ಬಾರ್ಲಿ ಬೆಳೆದು, ಉಳಿದ ಬಾರ್ಲಿಯಲ್ಲಿ ವಿಸ್ಕಿ ಕಾಯಿಸಿ, ಕೊನೆಗೆ ದನಕ್ಕಿಂತ ವಿಸ್ಕಿಯೇ ಲಾಭ ಅಂತ 1815ರಲ್ಲಿ ಡಿಸ್ಟಿಲರಿ ಶುರು ಮಾಡಿದ್ರು. ಅಲೆಕ್ಸಾಂಡರ್ ತನ್ನ ಪಾಲು ಬಿಟ್ಟು ಹೊರಟುಹೋದ. ಡೊನಾಲ್ಡ್ 1847ರಲ್ಲಿ ಸತ್ತ, ಹೇಗೆ ಅಂದ್ರೆ ಬಟ್ಟಿ ಇಳಿಸಿ ಉಳಿದ ಕುದಿಯೋ ಗಸಿಯ ತೊಟ್ಟಿಗೆ ಬಿದ್ದು. ಇದನ್ನ ಟೂರ್‌ನಲ್ಲಿ ನಗ್ತಾ ಹೇಳ್ತಾರೆ, ನಂಗೆ ನಗು ಬರ್ಲಿಲ್ಲ.

ಆಮೇಲೆ ಪೀಟರ್ ಮ್ಯಾಕಿ. ಲಾಗವೂಲಿನ್ ಮಾಲೀಕ, ವೈಟ್ ಹಾರ್ಸ್ ಅನ್ನೋ ಬ್ಲೆಂಡ್ (ಬೇರೆ ಬೇರೆ ವಿಸ್ಕಿ ಬೆರೆಸಿದ್ದು) ಮಾಡಿದವನು, ಭಯಂಕರ ಹಠವಾದಿ. ಲಫ್ರೊಯ್ಗ್ ವಿಸ್ಕಿ ಮಾರೋ ಏಜೆನ್ಸಿ ಎಷ್ಟೋ ವರ್ಷ ಇವರ ಕಂಪನಿ ಕೈಲೇ ಇತ್ತು. 1907ರಲ್ಲಿ ಅದು ಕೈತಪ್ಪಿ ಹೋಯ್ತು. ಮ್ಯಾಕಿ ಏನ್ ಮಾಡ್ದ ಗೊತ್ತಾ, ಲಫ್ರೊಯ್ಗ್‌ಗೆ ಹರಿದುಬರೋ ನೀರಿಗೇ ಅಡ್ಡ ಕಟ್ಟಿಸಿದ. ಕೋರ್ಟಿಗೆ ಹೋಯ್ತು, ಮೊದಲಿದ್ದ ಹಾಗೇ ನೀರು ಬಿಡು ಅಂತ ಕೋರ್ಟ್ ಹೇಳ್ತು. ನೀರಿನ ಜಗಳ ಕೋರ್ಟಿಗೆ ಹೋಗೋದು ನಮಗೇನು ಹೊಸದಲ್ಲ ಬಿಡಿ. ಆದ್ರೆ ಮ್ಯಾಕಿ ಅಷ್ಟಕ್ಕೆ ನಿಲ್ಲಲಿಲ್ಲ. 1908ರಲ್ಲಿ ಲಾಗವೂಲಿನ್ ಕಾಂಪೌಂಡ್ ಒಳಗೇ ಮಾಲ್ಟ್ ಮಿಲ್ ಅಂತ ಇನ್ನೊಂದು ಪುಟ್ಟ ಡಿಸ್ಟಿಲರಿ ಕಟ್ಟಿಸ್ದ, ಲಫ್ರೊಯ್ಗ್ ಸ್ಟಿಲ್‌ಗಳ ಆಕಾರ ನೋಡಿ ಸ್ಟಿಲ್ ಮಾಡಿಸ್ದ, ಅಲ್ಲಿಯ ಕೆಲಸಗಾರನನ್ನೂ ಎಳ್ಕೊಂಡ, ಬರೀ ಪೀಟ್ ಹೊಗೆಯಲ್ಲೇ ಮಾಲ್ಟ್ ಒಣಗಿಸ್ದ. ಲಫ್ರೊಯ್ಗ್ ಮಾತ್ರ ಬರ್ಲೇ ಇಲ್ಲ. ಬಂದಿದ್ದು ಬೇರೇನೇ ವಿಸ್ಕಿ. 1962ರಲ್ಲಿ ಮುಚ್ಚಿದ್ರು. ಆ ಕಟ್ಟಡವೇ ಈಗ ಲಾಗವೂಲಿನ್‌ನ ವಿಸಿಟರ್ ಸೆಂಟರ್, ನಾವು ಮಳೆಗೆ ಒಳಗೆ ನುಗ್ಗಿ ಜಾಕೆಟ್ ಒದರಿದ್ದು ಅಲ್ಲೇ.

ಇಲ್ಲಿ ನಮ್ಮ ಜಗಳಕ್ಕೆ ಮತ್ತೆ ಜೀವ ಬಂತು. ಭಾವ "ನೋಡಿದ್ಯಾ, ಸ್ಟಿಲ್ ಅದೇ, ಆಳು ಅದೇ, ಪೀಟ್ ಅದೇ, ನೀರು ಮಾತ್ರ ಬೇರೆ!" ನಾನು ಬಿಡ್ತೀನಾ, "ಭಾವ, ಗೂಡು ಬೇರೆ, ಗೋದಾಮು ಬೇರೆ, ಮೊದಲ ಭಾಗವನ್ನ ಎಷ್ಟು ನಿಮಿಷಕ್ಕೆ ಕಟ್ ಮಾಡ್ತಿದ್ರು ಅನ್ನೋದು ಯಾರಿಗೆ ಗೊತ್ತು, ನೀರೊಂದನ್ನೇ ಹಿಡ್ಕೊಂಡ್ರೆ ಹೇಗೆ?" ಕೌಂಟರ್‌ನಲ್ಲಿದ್ದ ಹುಡುಗಿಗೆ ಭಾಷೆ ಅರ್ಥ ಆಗ್ಲಿಲ್ಲ, ವಿಷ್ಯ ಅರ್ಥ ಆಗಿತ್ತು ಅನ್ಸುತ್ತೆ, ನಗ್ತಿದ್ಲು.

ಮಧ್ಯಾಹ್ನ ಆರ್ಡ್‌ಬೆಗ್, ಅಲ್ಲಿಯ ಹಳೇ ಗೂಡಿನ ಕೆಫೆಯಲ್ಲಿ ಊಟ. ಅದೂ 1815ರದ್ದೇ, ಆದ್ರೆ 1981ರಲ್ಲಿ ಮುಚ್ಚಿ, 1989ರಲ್ಲಿ ಸ್ವಲ್ಪ ಸ್ವಲ್ಪ ನಡೆಸಿ, 1996ರಲ್ಲಿ ಮತ್ತೆ ಮುಚ್ಚಿ, ಮುಂದಿನ ವರ್ಷ ಗ್ಲೆನ್‌ಮೊರಾಂಜಿ ಕೊಂಡ ಮೇಲೆ ಉಸಿರಾಡಿದ್ದು. ಪೋರ್ಟ್ ಎಲೆನ್ ಡಿಸ್ಟಿಲರಿಯಂತೂ 1983ರಲ್ಲಿ ಮುಚ್ಚಿದ್ದು 2024ರಲ್ಲಿ ತೆರೀತು. ಎಂಬತ್ತರ ದಶಕದಲ್ಲಿ ವಿಸ್ಕಿ ಜಾಸ್ತಿಯಾಗಿ ಗಿರಾಕಿ ಕಮ್ಮಿಯಾಗಿ ಸ್ಕಾಟ್‌ಲೆಂಡ್ ಪೂರ್ತಿ ಹಿಂಗೇ ಬಾಗಿಲು ಮುಚ್ಚಿದ್ದು. ಲಫ್ರೊಯ್ಗ್ ಆ ಕಾಲ ದಾಟ್ಕೊಂಡು ಬಂತು, ಅದಕ್ಕೆ ತಳಪಾಯ ಹಾಕಿದ್ದು ಇಬ್ರು ಅಂತ ನನ್ನ ಲೆಕ್ಕ.

ಒಬ್ಬ ಇಯಾನ್ ಹಂಟರ್, ಜಾನ್‌ಸ್ಟನ್ ವಂಶದ ಕೊನೆಯವನು. 1923ರಲ್ಲಿ ಸ್ಟಿಲ್‌ಗಳನ್ನ ಎರಡರಿಂದ ನಾಲ್ಕು ಮಾಡ್ದ. ಆಗ ಅಮೆರಿಕದಲ್ಲಿ ಪಾನನಿಷೇಧ, 1920ರಿಂದ 1933. ಔಷಧಿಗೆ ಅಂತ ಡಾಕ್ಟರ್ ಚೀಟಿ ಇದ್ರೆ ವಿಸ್ಕಿ ಸಿಗ್ತಿತ್ತು. ಹಂಟರ್ ಅಲ್ಲಿಯ ಕಸ್ಟಮ್ಸ್‌ನವ್ರಿಗೆ ಬಾಟಲಿ ಮೂಸಿಸಿ "ಇದನ್ನ ಯಾರಾದ್ರೂ ಖುಷಿಗೆ ಕುಡೀತಾರಾ, ಔಷಧಿ ಇದು" ಅಂತ ಒಪ್ಪಿಸಿ ಮಾರ್ತಿದ್ದ ಅಂತ ಕಥೆ. ಕಥೆಗೆ ಉಪ್ಪುಖಾರ ಸೇರಿದ್ರೂ ಸೇರಿರ್ಬೋದು, ಆದ್ರೆ ಮೂಸಿದವ್ರಿಗೆ ನಂಬೋದು ಕಷ್ಟ ಆಗಲ್ಲ.

ಇನ್ನೊಬ್ಳು ಬೆಸ್ಸಿ ವಿಲಿಯಮ್ಸನ್. ಗ್ಲಾಸ್ಗೋ ಯೂನಿವರ್ಸಿಟಿಯಲ್ಲಿ ಓದಿದ ಹುಡುಗಿ, ಮೂವತ್ತರ ದಶಕದಲ್ಲಿ ಒಂದು ಬೇಸಿಗೆ ಮಟ್ಟಿಗೆ ಟೈಪಿಂಗ್, ಆಫೀಸ್ ಕೆಲಸಕ್ಕೆ ಅಂತ ಈ ದ್ವೀಪಕ್ಕೆ ಬಂದ್ಲು. ವಾಪಸ್ ಹೋಗ್ಲಿಲ್ಲ. 1938ರಲ್ಲಿ ಹಂಟರ್‌ಗೆ ಪಾರ್ಶ್ವವಾಯು ಹೊಡೀತು, ಅವನು ರೆಸಿಪಿ ಬಗ್ಗೆ ಯಾರನ್ನೂ ನಂಬದ ಮನುಷ್ಯ, ಇವಳನ್ನ ನಂಬ್ದ. ಯುದ್ಧದ ಕಾಲದಲ್ಲಿ ಮಿಲಿಟರಿಯವ್ರು ಡಿಸ್ಟಿಲರಿಯನ್ನ ಉಗ್ರಾಣ ಮಾಡ್ಕೊಂಡಾಗ ವಿಸ್ಕಿ ಪೀಪಾಯಿಗಳು ಮಾಯವಾಗದ ಹಾಗೆ ಕಾದಿದ್ದು ಇವಳೇ. ಹಂಟರ್‌ಗೆ ಮಕ್ಕಳಿರಲಿಲ್ಲ, 1954ರಲ್ಲಿ ಸತ್ತಾಗ ಡಿಸ್ಟಿಲರಿ ಇವಳ ಹೆಸರಿಗೆ. ಅದಕ್ಕೂ ಮುಂಚೆ ಹತ್ತೊಂಬತ್ತನೇ ಶತಮಾನದಲ್ಲಿ ಕಾರ್ಡೂದಲ್ಲಿ ಹೆಲೆನ್, ಎಲಿಜಬೆತ್ ಕಮ್ಮಿಂಗ್ ಅತ್ತೆ-ಸೊಸೆ ಡಿಸ್ಟಿಲರಿ ನಡೆಸಿದ್ರು, ಆದ್ರೆ ಅದು ಮನೆತನದ್ದು. ಬೆಸ್ಸಿ ಟೈಪಿಸ್ಟ್ ಕುರ್ಚಿಯಿಂದ ಎದ್ದು ಮಾಲೀಕಳ ಕುರ್ಚೀಲಿ ಕೂತೋಳು.

ಅವಳ ಬಗ್ಗೆ ನಂಗೆ ಇಷ್ಟವಾಗಿದ್ದು ಇನ್ನೊಂದು. ಎಲ್ಲಾ ವಿಸ್ಕಿಯೂ ಬ್ಲೆಂಡಿಗೆ ಹೋಗ್ತಿದ್ದ ಕಾಲದಲ್ಲಿ, ಅರವತ್ತರ ದಶಕದ ಶುರುವಿನಲ್ಲೇ, ಸ್ಕಾಚ್ ವಿಸ್ಕಿ ಅಸೋಸಿಯೇಷನ್ ಪರವಾಗಿ ಅಮೆರಿಕ ಸುತ್ತಿ, ಜನಕ್ಕೆ ಮುಂದೆ ಬೇಕಾಗೋದು ಐಲಾದಂಥ ಸಿಂಗಲ್ ಮಾಲ್ಟ್ ಅಂತ ಹೇಳ್ತಿದ್ಲು. ಡಿಸ್ಟಿಲರಿ ರಿಪೇರಿಗೆ ದುಡ್ಡು ಬೇಕಿತ್ತು, ಹಂತ ಹಂತವಾಗಿ ದೊಡ್ಡ ಕಂಪನಿಗೆ ಮಾರಿದ್ಲು, ಆದ್ರೂ 1972ರಲ್ಲಿ ರಿಟೈರ್ ಆಗೋ ತನಕ ಮ್ಯಾನೇಜರ್ ಕುರ್ಚಿ ಬಿಡ್ಲಿಲ್ಲ. ಇವತ್ತು ಅದು ಜಪಾನಿನ ಸಂಟೋರಿ ಕೈಲಿದೆ.

ಶನಿವಾರ

ಮಳೆ ನಿಂತಿತ್ತು, ಕಾರಲ್ಲಿ ಬೋಮೋರ್ ಕಡೆ. ರೋಡು ಗೆರೆ ಎಳೆದ ಹಾಗೆ ನೇರ, ಆದ್ರೆ ಪೀಟ್ ನೆಲದ ಮೇಲೆ ಕೂತಿರೋದ್ರಿಂದ ಕಾರು ಮೇಲೆ ಕೆಳಗೆ ತೇಲುತ್ತೆ. ಏರ್‌ಪೋರ್ಟ್ ಹತ್ರ ಲಫ್ರೊಯ್ಗ್ ಪೀಟ್ ಕೀಳೋ ಜಾಗ. ಕಪ್ಪು ಇಟ್ಟಿಗೆಗಳನ್ನ ಕೈಯಲ್ಲೇ ಗುದ್ದಲಿಯಂಥದ್ರಲ್ಲಿ ಕತ್ತರಿಸಿ ಹೆದರ್ ಪೊದೆ ಮೇಲೆ ಒಣಗೋಕೆ ಬಿಟ್ಟಿರ್ತಾರೆ. ಸಾವಿರಾರು ವರ್ಷ ನೀರಲ್ಲಿ ಮುಳುಗಿ ಅರ್ಧ ಕೊಳೆತ ಪಾಚಿ, ಹುಲ್ಲು, ಬೇರು. ಕೈಯಲ್ಲಿ ಹಿಡಿದ್ರೆ ವಾಸನೆಯೇ ಇಲ್ಲ, ಬರೀ ಒದ್ದೆ ಮಣ್ಣು. ಮರ ಇಲ್ಲದ ದ್ವೀಪದಲ್ಲಿ ಮನೆ ಒಲೆಗೂ ಇದೇ ಇಂಧನ ಇತ್ತು, ವಿಸ್ಕಿಗೆ ಹೊಗೆ ಬಂದಿದ್ದು ರುಚಿಗೋಸ್ಕರ ಅಲ್ಲ, ಬೇರೆ ಗತಿ ಇರ್ಲಿಲ್ಲ ಅಂತ. ಮುಖ್ಯಭೂಮಿಯಲ್ಲಿ ರೈಲು ಬಂದು ಕಲ್ಲಿದ್ದಲು ಸಿಕ್ಕಿದ ಕಡೆ ಹೊಗೆ ಕಮ್ಮಿ ಆಗ್ತಾ ಹೋಯ್ತು, ಇಲ್ಲಿ ಉಳೀತು. ಪೀಟ್ ಬೆಳೆಯೋದು ವರ್ಷಕ್ಕೆ ಒಂದು ಮಿಲಿಮೀಟರ್ ಲೆಕ್ಕದಲ್ಲಿ, ಕೀಳೋ ವೇಗಕ್ಕೆ ಅದು ಸಾಟಿಯಲ್ಲ, ಇಂಗಾಲ ಹಿಡಿದಿಡೋ ನೆಲ ಬೇರೆ. ಲಫ್ರೊಯ್ಗ್ ಇಷ್ಟಪಡೋ ನನ್ನಂಥೋರು ಇದನ್ನೂ ನೋಡ್ಬೇಕು.

ಅದೇ ಏರ್‌ಪೋರ್ಟಲ್ಲಿ 1994ರ ಜೂನ್‌ನಲ್ಲಿ ಆಗ ಯುವರಾಜ ಆಗಿದ್ದ ಚಾರ್ಲ್ಸ್ ತಾನೇ ವಿಮಾನ ಇಳಿಸೋಕೆ ಹೋಗಿ ರನ್‌ವೇ ದಾಟಿಸಿ ಮೂತಿಯನ್ನ ಕೆಸರಿಗೆ ಕೂರಿಸಿದ್ದು. ಯಾರಿಗೂ ಏಟಾಗ್ಲಿಲ್ಲ. ಆಮೇಲೆ ಲಫ್ರೊಯ್ಗ್‌ಗೆ ಹೋದ್ರು, ಅದೇ ವರ್ಷ ಡಿಸ್ಟಿಲರಿಗೆ ಅವರ ರಾಯಲ್ ವಾರಂಟ್ (ರಾಜಮನೆತನಕ್ಕೆ ಸರಕು ಕೊಡೋರು ಅನ್ನೋ ಮನ್ನಣೆ) ಸಿಕ್ತು. ಅಂಥ ಲ್ಯಾಂಡಿಂಗ್ ಆದ್ಮೇಲೆ ಯಾರಿಗಾದ್ರೂ ಒಂದು ಪೆಗ್ಗು ಬೇಕೇ ಬೇಕು.

ಬೋಮೋರ್‌ನಲ್ಲಿ 1767ರ ದುಂಡನೆ ಚರ್ಚು, ದೆವ್ವ ಅಡಗಿಕೊಳ್ಳೋಕೆ ಮೂಲೆ ಸಿಗಬಾರದು ಅಂತ ದುಂಡಗೆ ಕಟ್ಟಿದ್ರಂತೆ. 1779ರ ಡಿಸ್ಟಿಲರಿ ಪಕ್ಕದಲ್ಲಿ, ಅದರದೇ ಹಳೇ ಗೋದಾಮನ್ನ ಊರಿಗೆ ಈಜುಕೊಳ ಮಾಡಿಕೊಟ್ಟಿದ್ದಾರೆ, ಡಿಸ್ಟಿಲರಿಯಲ್ಲಿ ವ್ಯರ್ಥ ಹೋಗೋ ಬಿಸಿಯಲ್ಲೇ ಅದರ ನೀರು ಕಾಯೋದು. ಅಕ್ಕ ಒಂದು ಗಂಟೆ ಈಜಿ ಬಂದ್ಲು. ಇಡೀ ಟ್ರಿಪ್ಪಲ್ಲಿ ವಿಸ್ಕಿಯಿಂದ ನಂಗೂ ಏನೋ ಸಿಕ್ತಪ್ಪಾ ಅಂದ್ಲು.

ಭಾನುವಾರ

ಬೆಳಗಿನ ಫೆರಿ ಗಾಳಿ ಜೋರಂತ ಲೇಟು. ಹಿಂದಿನ ರಾತ್ರಿ ರೂಮಲ್ಲಿ ಅಕ್ಕನ ಪುಟ್ಟ ಬಾಟಲಿಗಳನ್ನ ಸಾಲಾಗಿ ಇಟ್ಕೊಂಡು ಭಾವ ಮತ್ತು ನಾನು ಕಣ್ಣು ಮುಚ್ಚಿ ಕುಡಿದು ಯಾವುದು ಯಾವುದು ಅಂತ ಹೇಳೋ ಆಟ ಆಡಿದ್ವಿ. ಲಾಗವೂಲಿನ್ ಮತ್ತೆ ಆರ್ಡ್‌ಬೆಗ್‌ನಲ್ಲಿ ಇಬ್ರೂ ತಡಬಡಾಯಿಸಿದ್ವಿ. ಲಫ್ರೊಯ್ಗ್ ಬಂದಾಗ ಇಬ್ರೂ ಒಟ್ಟಿಗೆ ಹೇಳಿದ್ವಿ, ಆಚೆ ಮಂಚದಿಂದ ಅಕ್ಕನೂ ಹೇಳಿದ್ಲು, ಅವಳು ಮುಟ್ಟಿರ್ಲೇ ಇಲ್ಲ.

ಭಾರತಕ್ಕೆ ತರೋಕೆ ಒಬ್ರಿಗೆ ಎರಡು ಲೀಟರ್ ಲಿಮಿಟ್ ಇರೋದ್ರಿಂದ ಯೋಚನೆ ಮಾಡಿ ತಗೋಬೇಕು. ಅಂಗಡೀಲಿ ಇಪ್ಪತ್ತೈದು, ಮೂವತ್ತು ವರ್ಷದ್ದು ಇದ್ವು, ರೇಟು ನೋಡಿ ಸುಮ್ನೆ ನಮಸ್ಕಾರ ಹಾಕಿ ಬಂದೆ. ಹಾಗಂತ ಅವು ಬೇಕು ಅಂತ ನಂಗೇನು ಅನ್ಸಲ್ಲ, ಪೀಪಾಯಿಯಲ್ಲಿ ಹೆಚ್ಚು ವರ್ಷ ಕೂತಷ್ಟೂ ಹೊಗೆ ಮೆತ್ತಗಾಗುತ್ತೆ, ಲಫ್ರೊಯ್ಗ್ ತಗೊಂಡು ಹೊಗೆ ಬೇಡ ಅಂದ್ರೆ ಯಾಕೆ ತಗೋಬೇಕು. 10 ವರ್ಷದ್ದು ಒಂದು, 2004ರಿಂದ ಬರ್ತಿರೋ ಕ್ವಾರ್ಟರ್ ಕಾಸ್ಕ್ ಒಂದು ತಗೊಂಡೆ. ಕ್ವಾರ್ಟರ್ ಕಾಸ್ಕ್ ಅಂದ್ರೆ ಕೊನೆಯ ಕೆಲವು ತಿಂಗಳು ಸಣ್ಣ ಪೀಪಾಯಿಯಲ್ಲಿ ಇಟ್ಟಿದ್ದು, ಮರ ಹೆಚ್ಚು ತಾಗೋದ್ರಿಂದ ಸಿಹಿಯೂ ಜಾಸ್ತಿ. ಮೊದಲ ಸಲ ಕುಡಿಯೋರಿಗೆ ಅದೇ ಒಳ್ಳೇದು, ನಾಲ್ಕು ಹನಿ ನೀರು ಹಾಕ್ಕೊಳ್ಳಿ, ಸೋಡಾ ಬೇಡ. ಮತ್ತೆ ಹೋಗೋ ಪ್ಲಾನ್ ಇದ್ರೆ ಮೇ ಕೊನೇ ವಾರ ಬಿಟ್ಬಿಡಿ, ಆಗ ಇಲ್ಲಿ ವಿಸ್ಕಿ ಜಾತ್ರೆ, ಫೆರಿಯಲ್ಲಿ ಕಾರಿಗೆ ಜಾಗ ಸಿಗಲ್ಲ, ರೂಮು ಒಂದು ವರ್ಷ ಮುಂಚೇನೇ ಫುಲ್ಲು. ಭಾವ ಮಾತ್ರ ಲಫ್ರೊಯ್ಗ್ ತೊರೆಯ ನೀರನ್ನ ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿಗೆ ತುಂಬ್ಕೊಂಡು ಬಂದಿದ್ರು, ಗ್ಲಾಸ್ಗೋಗೆ ಹೋಗಿ ನಲ್ಲಿ ನೀರಿನ ಜೊತೆ ಇಟ್ಟು ನನಗೆ ಕುಡಿಸಿ ನೋಡ್ತಾರಂತೆ.